ಅಷ್ಟಮಿಯ ನೀರು

ಮದರಾಸಿನ ಇಂಜಿನಿಯರಿಂಗ್ ಶಾಲೆಯಲ್ಲಿ ಪಾಸಾಗಿ ನಾನು ಮಂಗಳೂರಿನ ಸ್ಟೇಷನ್ನಿನಲ್ಲಿ ಇಳಿದ ದಿನ ನನ್ನನ್ನು ಎದುರುಗೊಳ್ಳಲು ನಮ್ಮ ಕಡಲತಡಿಯಿಂದ ಹನ್ನೊಂದು ಜನ ಬಂದಿದ್ದರು. ನನಗೆ ಸಂತೋಷವಾಗಲಿಲ್ಲ, ನಾಚಿಕೆಯಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ ಘನಕಾರ್ಯಕ್ಕೆಲ್ಲ ಆ ನಾಚಿಕೆಯೇ ಮೂಲ. ಅವರೆಲ್ಲ ಮಿಂದು, ಒಗೆದ ಮುಂಡು ಉಟ್ಟು ಬಂದಿದ್ದರು. ಆದರೂ ಮೀನಿನ ವಾಸನೆ ಮೈಬಿಟ್ಟಿರಲಿಲ್ಲ. ನನ್ನ ಜೊತೆ ಅದೇ ಡಬ್ಬಿಯಲ್ಲಿ ಬಂದಿದ್ದ ವಕೀಲರೊಬ್ಬರು ಮೂಗಿಗೆ ಕರವಸ್ತ್ರ ಹಿಡಿದು ಪಕ್ಕಕ್ಕೆ ಸರಿದರು. ನಾನೂ ಒಂದು ಹೆಜ್ಜೆ ಅವರ ಕಡೆಗೇ ಸರಿದೆ. ನನ್ನ ಸೋದರಮಾವ ಅದನ್ನು ಕಂಡರೋ ಇಲ್ಲವೋ ತಿಳಿಯದು. ನನ್ನ ಟ್ರಂಕನ್ನು ತಲೆಯ ಮೇಲೆ ಇಟ್ಟುಕೊಂಡು ಮುಂದೆ ನಡೆದರು.

ನಮ್ಮದು ಬಂದರಿನ ಎದುರು, ಹೊಳೆ ದಾಟಿದರೆ ಸಿಗುವ ಮರಳಿನ ದಂಡೆ. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ತೆಂಗಿನ ಮರಗಳು ಮತ್ತು ನಾವು. ನಮ್ಮವರಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು, ಮನೆಯ ಯಜಮಾನ ತಾಯಿಯ ಅಣ್ಣ. ನನ್ನ ಅಪ್ಪ ನಾನು ಚಿಕ್ಕವನಿದ್ದಾಗಲೇ ಅಳಿವೆಯಲ್ಲಿ, ಅಂದರೆ ಹೊಳೆ ಕಡಲಿಗೆ ಸೇರುವ ಬಾಗಿಲಿನಲ್ಲಿ, ದೋಣಿ ಮಗುಚಿ ತೀರಿಕೊಂಡರು. ಹಾಗಾಗಿ ನನಗೆ ಎರಡು ಲೆಕ್ಕದಲ್ಲೂ ಮಾವನೇ ದಿಕ್ಕು.

ಆದರೆ ನನ್ನನ್ನು ಓದಿಸಿದ್ದು ಮಾವ ಒಬ್ಬರೇ ಅಲ್ಲ, ಇಡೀ ತಡಿ. ರಂಪಣಿ ಎಂಬುದು ದಡದಿಂದ ಎಳೆಯುವ ಭಾರೀ ಬಲೆ. ಅದು ಒಬ್ಬರ ಸೊತ್ತಲ್ಲ, ಮನೆಗೊಂದು ತುಂಡು ಸೇರಿಸಿ ಕಟ್ಟಿದ್ದು. ದೋಣಿಯಲ್ಲಿ ಹೋಗಿ ಬಲೆಯನ್ನು ಕಡಲಲ್ಲಿ ಸುತ್ತು ಹಾಕಿ ಬಂದ ಮೇಲೆ ಅದರ ಎರಡು ತುದಿಯ ಹಗ್ಗಗಳನ್ನು ಊರೆಲ್ಲ ಸೇರಿ ಎಳೆಯುತ್ತದೆ. ಬಿದ್ದ ಮೀನನ್ನು ಮರಳಿನ ಮೇಲೆ ಗುಪ್ಪೆ ಗುಪ್ಪೆಯಾಗಿ ಪಾಲು ಹಾಕುತ್ತಾರೆ. ಮನೆಗೊಂದು ಪಾಲು, ದೇವರಿಗೊಂದು ಪಾಲು, ದುಡಿಯುವ ಗಂಡಸಿಲ್ಲದ ಮನೆಗೂ ಒಂದು ಪಾಲು. ಹಗ್ಗ ಮುಟ್ಟಿದವನು ದಾರಿಹೋಕನಾದರೂ ಅವನಿಗೆ ನಾಲ್ಕು ಮೀನು ಕೊಡದೆ ಕಳಿಸುವ ಕ್ರಮ ಇಲ್ಲ. ನಾನು ಹೈಸ್ಕೂಲು ಮುಗಿಸಿದ ವರ್ಷ ಗುರಿಕಾರರು ದೇವರ ಪಾಲಿನ ಪಕ್ಕದಲ್ಲಿ ಇನ್ನೊಂದು ಗುಪ್ಪೆ ಹಾಕಿಸಿದರು. ಗುರಿಕಾರರೆಂದರೆ ನಮ್ಮ ತಡಿಯ ಹಿರಿಯರು, ಅವರ ಮಾತಿಗೆ ಎದುರು ಮಾತಿಲ್ಲ. "ಇದು ಓದಿನ ಪಾಲು. ಇವ ಕಲಿತು ಕೆಲಸ ಹಿಡಿಯುವವರೆಗೆ ನಡೀಲಿ" ಎಂದರು. ನಾಲ್ಕು ವರ್ಷ ಆ ಬಂಗುಡೆ, ಬೂತಾಯಿ ಮೀನುಗಳ ಬಲದ ಮೇಲೆ ನಾನು ಮದರಾಸಿನಲ್ಲಿ ಸೇತುವೆಯ ನಕ್ಷೆ ಬರೆಯುವುದನ್ನು ಕಲಿತೆ.

ಕಲಿತದ್ದಾಯಿತು. ಕೆಲಸ ಹಿಡಿಯುವುದು ಎಲ್ಲಿ? ಲೋಕದಲ್ಲೆಲ್ಲ ವ್ಯಾಪಾರ ಬಿದ್ದುಹೋಗಿದ್ದ, ಮೂವತ್ತರ ದಶಕದ ಆರಂಭದ ವರ್ಷಗಳು ಅವು. ಸರಕಾರ ಇದ್ದವರನ್ನೇ ಮನೆಗೆ ಕಳಿಸುತ್ತಿತ್ತು. ನಾನು ದಿನಾ ಬೆಳಿಗ್ಗೆ ಕೋಟನ್ನೂ ಬೂಟನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ, ಕಡವಿನ ದೋಣಿಯಲ್ಲಿ ಹೊಳೆ ದಾಟಿ, ಬಂದರಿನ ಗೋದಾಮೊಂದರ ಹಿಂದೆ ನಿಂತು ಅವನ್ನು ಹಾಕಿಕೊಳ್ಳುತ್ತಿದ್ದೆ. ಅದಕ್ಕೆ ಮೊದಲು ಕೈಗಳನ್ನು ಸಾಬೂನು ಹಚ್ಚಿ ಎರಡು ಸಲ ತೊಳೆಯುತ್ತಿದ್ದೆ. ನಾನು ಮೀನು ಮುಟ್ಟಿ ವರ್ಷಗಳಾಗಿದ್ದವು, ಆದರೂ ತೊಳೆಯುತ್ತಿದ್ದೆ. ಆಮೇಲೆ ಪೇಟೆಯ ನಡುವಿನ ಹಂಪನಕಟ್ಟೆಗೆ ಹತ್ತಿ, ಒಂದೊಂದೇ ಕಚೇರಿಯ ಮೆಟ್ಟಿಲು ಸವೆಸುವುದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

"ಎಂತ ಮಾರಾಯ್ರೆ, ಪುನಃ ಬಂದ್ರಾ?" ಎಂದು ಒಂದು ಕಚೇರಿಯ ಗುಮಾಸ್ತರು ಕೇಳಿದರು. "ಖಾಲಿ ಉಂಟಾದ್ರೆ ನಾವೇ ಕಾಗದ ಹಾಕ್ತೇವೆ ಅಂತ ಹೇಳಿದ್ದಲ್ವಾ?" ಕೆಟ್ಟ ಮನುಷ್ಯರಲ್ಲ ಅವರು. ನನ್ನ ಅರ್ಜಿಯ ಮೇಲೆ ಅವರ ಕಾಫಿ ಲೋಟದ ಗುರುತು ಇತ್ತು, ಅಷ್ಟೆ.

ಮಳೆಗಾಲ ಹೀಗೆ ಹೋಯಿತು. ಮಳೆ ನಿಂತು ರಂಪಣಿ ಕಡಲಿಗೆ ಇಳಿದಾಗ ನನ್ನ ನಿಜವಾದ ಹಿಂಸೆ ಶುರುವಾಯಿತು. ಕೆಲಸ ಹಿಡಿಯುವವರೆಗೆ ಎಂದು ಗುರಿಕಾರರು ಹೇಳಿದ್ದರಲ್ಲ, ಕೆಲಸ ಹಿಡಿದಿರಲಿಲ್ಲವಲ್ಲ, ಆದ್ದರಿಂದ ಪಾಲು ಬರುತ್ತಲೇ ಇತ್ತು. ಬಲೆ ಬಿದ್ದ ದಿನವೆಲ್ಲ ಸಂಜೆ ನಮ್ಮ ಬಾಗಿಲಿಗೆ ಒಂದು ಬುಟ್ಟಿ. ಯಾರೂ ಒಂದು ಕೊಂಕು ಮಾತು ಆಡಲಿಲ್ಲ. ಆಡಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಗಂಡನನ್ನು ಕಡಲಿಗೆ ಕೊಟ್ಟ ಹೆಂಗಸರು ನನ್ನ ಬುಟ್ಟಿಗೆ ಒಳ್ಳೆಯ ಬಂಗುಡೆ ಆರಿಸಿ ಹಾಕುತ್ತಿದ್ದರು. ಅಮ್ಮ ಅದರಲ್ಲಿ ನಾಲ್ಕನ್ನು ಸಾರು ಮಾಡಿ ಬಡಿಸಿದರೆ ಅವನ್ನು ಬಟ್ಟಲಿನ ಅಂಚಿಗೆ ಸರಿಸಿ ಬರೀ ಅನ್ನ ತಿಂದು ಏಳುತ್ತಿದ್ದೆ. ಎಷ್ಟೋ ಸಂಜೆ ಅಳಿವೆಯ ತುದಿಗೆ ಹೋಗಿ ನಿಂತು ನೀರು ನೋಡಿದ್ದೇನೆ. ಅಪ್ಪ ಹೋದ ಜಾಗವದು. ಅಲ್ಲಿ ನಿಂತು ನಾನು ಏನು ಯೋಚಿಸುತ್ತಿದ್ದೆ ಎಂಬುದನ್ನು ಈಗ ಬರೆಯಲು ಇಷ್ಟವಿಲ್ಲ. ನನ್ನ ಪಾಲು ಒಮ್ಮೆ ನಿಲ್ಲಲಿ ಎಂದು ಕಾಣದ ದೇವರಿಗೆಲ್ಲ ಹರಕೆ ಹೇಳಿಕೊಂಡೆ.

ಒಂದು ದಿನ ತಡೆಯಲಾರದೆ ಹೋಗಿ ಎಲ್ಲರ ಜೊತೆ ಹಗ್ಗ ಹಿಡಿದೆ. ಗುರಿಕಾರರು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ನಮ್ಮ ಮನೆಮಾತು ತುಳು. ಅದನ್ನಿಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ. "ನೀನು ಹಗ್ಗ ಹಿಡಿದ್ರೆ ಇಷ್ಟು ವರ್ಷದ ಪಾಲು ನೀರಿಗೆ ಹಾಕಿದ ಹಾಗೆ ಮಗಾ" ಎಂದರು. "ನೀನು ಆಚೆ ದಡದವನಾಗ್ಬೇಕು."

ಆಚೆ ದಡದವನಾಗುವ ದಾರಿ ಕಂಡದ್ದು ರಂಪಣಿಯ ಕಾಲ ಮುಗಿಯುತ್ತ ಬಂದಾಗ. ಗುರುಪುರ ನದಿಯ ದಂಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ಮ್ಯಾನೇಜರು ಹೊಸಬರು, ಘಟ್ಟದ ಮೇಲಿನವರು. ನನ್ನ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ನೋಡಿದರು.

"ಮನೆ ಎಲ್ರೀ?"

"ಮಣ್ಣಗುಡ್ಡ" ಎಂದೆ.

ಆ ಸುಳ್ಳನ್ನು ನಾನು ಮೊದಲೇ ಯೋಚಿಸಿ ಇಟ್ಟುಕೊಂಡಿರಲಿಲ್ಲ. ಮಣ್ಣಗುಡ್ಡದಲ್ಲಿ ಅಂಗಳಕ್ಕೆ ಗೇಟು ಇರುವ ಮನೆಗಳಿದ್ದವು, ನಾನು ಆ ದಾರಿಯಲ್ಲಿ ನಡೆಯುವಾಗ ಅವುಗಳನ್ನು ನೋಡಿದ್ದೆ. ಬಾಯಿಗೆ ಅದೇ ಬಂತು. ಮ್ಯಾನೇಜರು ತಲೆಯಾಡಿಸಿ, ಮೂರು ತಿಂಗಳು ಸಂಬಳವಿಲ್ಲದೆ ಕೆಲಸ ಮಾಡಬೇಕು, ಕೆಲಸ ಮೆಚ್ಚಿಗೆಯಾದರೆ ಕಾಯಂ, ಇಲ್ಲವಾದರೆ ನಿಮ್ಮ ದಾರಿ ನಿಮಗೆ ಎಂದರು. ನಾನು ಒಪ್ಪಿದೆ. ಮನೆಯಲ್ಲಿ ಕೆಲಸ ಸಿಕ್ಕಿತೆಂದು ಮಾತ್ರ ಹೇಳಿದೆ, ಉಳಿದದ್ದನ್ನು ನುಂಗಿಕೊಂಡೆ. ಗುರಿಕಾರರು ಮರುದಿನವೇ ಮರಳಿನ ಮೇಲೆ ಓದಿನ ಪಾಲನ್ನು ನಿಲ್ಲಿಸಿ, ಎಲ್ಲರ ಕೈಗೂ ಒಂದು ತುಂಡು ಬೆಲ್ಲ ಕೊಟ್ಟರಂತೆ. ಇನ್ನು ನನಗೆ ಹಿಂದೆ ಹೋಗುವ ಬಾಗಿಲು ಇರಲಿಲ್ಲ. ಕಾರ್ಖಾನೆಯಲ್ಲಿ ಉಳಿಯಲೇಬೇಕು, ಇಲ್ಲವೆ ಬೆಲ್ಲ ತಿಂದವರ ಮುಖ ನೋಡಬೇಕು.

ಎರಡು ತಿಂಗಳು ಹೇಗೋ ಕಳೆದವು. ಮೂರನೆಯ ತಿಂಗಳಲ್ಲಿ ಮ್ಯಾನೇಜರು ನನ್ನನ್ನು ಹೊಳೆಯ ಬದಿಗೆ ಕರೆದುಕೊಂಡು ಹೋದರು. ಹಂಚಿಗೆ ಬೇಕಾದ ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು. ಹೊಳೆಗೂ ಕಾರ್ಖಾನೆಯ ಅಂಗಳಕ್ಕೂ ನಡುವೆ ಆಳೆತ್ತರದ ಮಣ್ಣಿನ ಒಡ್ಡು. ಹೆಂಗಸರು ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ಆ ಒಡ್ಡು ಹತ್ತಿ ಇಳಿಯಬೇಕಾಗಿತ್ತು. ಒಡ್ಡನ್ನು ಒಂದು ಕಡೆ ಕಡಿದು ದಾರಿ ಮಾಡಿದರೆ ಕೆಲಸ ಬೇಗ ಆಗುತ್ತದೆ, ಎಷ್ಟು ಆಳ ಕಡಿಯಬಹುದು, ಲೆಕ್ಕ ಕೊಡಿ ಎಂದರು. ಒಡ್ಡಿನ ಈಚೆಗೇ ತೆಂಗಿನ ಮಡಲು ಹೊದಿಸಿದ ಉದ್ದನೆಯ ಚಪ್ಪರ. ಅದರಡಿಯಲ್ಲಿ ಸುಡದ ಹಸಿ ಹಂಚುಗಳು ನೆಲದಿಂದಲೇ ಸಾಲಿನ ಮೇಲೆ ಸಾಲಾಗಿ ಒಣಗುತ್ತಿದ್ದವು. ನೀರು ತಾಗಿದರೆ ಅವು ಮತ್ತೆ ಮಣ್ಣೇ.

"ಹದಿನೈದು ದಿನ ನೀರು ಅಳೆಯಬೇಕಾಗುತ್ತದೆ" ಎಂದೆ.

"ಹದಿನೈದು ದಿನವೇನ್ರೀ? ಮದ್ರಾಸಲ್ಲಿ ಪಾಸಾದೋರಿಗೆ ನೀರು ನೋಡೋಕೆ ಹದಿನೈದು ದಿನ ಬೇಕಾ? ಮೂರು ದಿನ ತಗೊಳ್ಳಿ."

ಈ ಒಂದು ಮಾತಿಗೆ ನಾನು ಒಪ್ಪಿಬಿಟ್ಟೆ. ಸಮುದ್ರದ ಉಬ್ಬರ ಇಳಿತ ಹೊಳೆಯಲ್ಲಿ ಅಷ್ಟು ದೂರದವರೆಗೂ ಏರಿ ಬರುತ್ತದೆ. ಅಮಾವಾಸ್ಯೆ ಹುಣ್ಣಿಮೆಗೆ ಅದು ಉಕ್ಕುತ್ತದೆ, ಅಷ್ಟಮಿಯ ಸುಮಾರಿಗೆ ಸೊರಗುತ್ತದೆ. ಇದು ಶಾಲೆಯ ಪುಸ್ತಕದಲ್ಲೂ ಇತ್ತು. ಪುಸ್ತಕ ಬೇಡ, ನಮ್ಮ ತಡಿಯಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು. ಅಷ್ಟಮಿಯ ನೀರನ್ನು ನಂಬಿ ದೋಣಿ ಮೇಲೆ ಎಳೆಯದೆ ಮಲಗಬೇಡ ಎಂದು ಅಮ್ಮ ಗದರಿಸುತ್ತಿದ್ದಳು. ಮ್ಯಾನೇಜರು ಹೇಳಿದ ಮೂರು ದಿನಗಳು ಸಪ್ತಮಿ, ಅಷ್ಟಮಿ, ನವಮಿ. ಇದನ್ನು ಬಾಯಿಬಿಟ್ಟು ಹೇಳಬೇಕಾಗಿತ್ತು. ಹೇಳಿದರೆ ಮಣ್ಣಗುಡ್ಡದವನಿಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಿಯಾರು ಎಂದು ನನ್ನ ಕಳ್ಳಮನಸ್ಸು ಹೆದರಿತು. ಅವರು ಹಾಗೆ ಕೇಳುತ್ತಲೇ ಇರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನಿಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು?

ಅಡಿ, ಅಂಗುಲದ ಗೆರೆ ಎಳೆದ ಹಲಗೆಯನ್ನು ಹೊಳೆಯಲ್ಲಿ ನೆಟ್ಟು, ರಸಮಟ್ಟ ಹಿಡಿದು, ಬೆಳಿಗ್ಗೆ ಸಂಜೆ ನೀರು ಅಳೆದೆ. ನೀರು ಏರಿದ ಗುರುತಿನಿಂದ ಅರ್ಧ ಅಡಿ ಮೇಲೆ ಒಂದು ಗೂಟ ಹೊಡೆದೆ. ಅಲ್ಲಿಯವರೆಗೆ ಕಡಿಯಬಹುದು ಎಂದು ಚಂದದ ಅಕ್ಷರದಲ್ಲಿ ಬರೆದು ಕೊಟ್ಟೆ.

ಕಡಿಯುವ ಕೆಲಸ ಶುರುವಾದ ದಿನ ಮಣ್ಣಿನ ದೋಣಿಯೊಂದು ಬಂತು. ಹುಟ್ಟು ಹಿಡಿದು ನಿಂತವರು ನನ್ನ ಮಾವ. ರಂಪಣಿ ಮುಗಿದ ಮೇಲೆ ನಮ್ಮವರು ಮಳೆಗಾಲದವರೆಗೆ ಸಿಕ್ಕಿದ ಕೂಲಿ ಮಾಡುವುದು ಉಂಟು. ಮಾವ ಈ ದೋಣಿಯನ್ನೇ ಹಿಡಿದದ್ದು ನನ್ನನ್ನು ಕೆಲಸದಲ್ಲಿ ನೋಡುವ ಆಸೆಯಿಂದ ಎಂದು ಆಮೇಲೆ ಅಮ್ಮ ಹೇಳಿದಳು. ದೋಣಿ ದಡ ಮುಟ್ಟುವ ಮೊದಲೇ ಅವರು ನಗುತ್ತ ಕೈಯೆತ್ತಿದರು. ಮ್ಯಾನೇಜರು ನನ್ನ ಪಕ್ಕದಲ್ಲೇ ಇದ್ದರು. ನಾನು ಮುಖ ತಿರುಗಿಸಿ ರಸಮಟ್ಟ ನೋಡತೊಡಗಿದೆ. ಮಾವನಿಗೆ ಅರ್ಥವಾಗಲು ಒಂದು ಗಳಿಗೆ ಸಾಕಾಯಿತು. ಎತ್ತಿದ ಕೈಯನ್ನು ತಲೆಗೆ ಒಯ್ದು ಮುಂಡಾಸು ಬಿಚ್ಚಿ ಪುನಃ ಕಟ್ಟಿಕೊಂಡರು.

ಮಣ್ಣು ಇಳಿಸುವಾಗ ಅವರು ನನ್ನ ಗೂಟವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬಂದು, ದೂರದಲ್ಲಿ ನಿಂತು, ಕೈಕಟ್ಟಿ, ಯಾರೋ ಪರಕೀಯರಿಗೆ ಹೇಳುವ ಹಾಗೆ ಕನ್ನಡದಲ್ಲಿ ಹೇಳಿದರು: "ಧನಿಗಳೇ, ಇದು ಅಷ್ಟಮಿಯ ನೀರು. ಅಮಾಸೆಗೆ ಇಲ್ಲಿಂದ ಮೇಲೆ ಬರ್ತದೆ. ಗೂಟ ಸ್ವಲ್ಪ ಮೇಲೆ ಹೊಡೆದ್ರೆ ಒಳ್ಳೇದಿತ್ತು."

ಮ್ಯಾನೇಜರು ನನ್ನ ಮುಖ ನೋಡಿದರು. "ಏನ್ರೀ, ಏನೋ ಹೇಳ್ತಾನಲ್ಲ?"

ಆಗ ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. "ನಾವು ಅಳೆದು ನೋಡಿದ್ದೇವೆ ಸಾರ್" ಎಂದೆ. ಮಾವನ ಕಡೆ ತಿರುಗಿ, "ನಿನ್ನ ಕೆಲಸ ನೀನು ನೋಡು" ಎಂದೆ. ಹುಟ್ಟಿದಂದಿನಿಂದ ಆ ಮನುಷ್ಯನನ್ನು ನಾನು ಏಕವಚನದಲ್ಲಿ ಕರೆದವನಲ್ಲ. ಮಾವ "ಆಯ್ತು ಧನಿಗಳೇ" ಎಂದು ದೋಣಿಗೆ ಹೋದರು.

ಮನೆಯಲ್ಲಿ ಅವರು ಈ ವಿಷಯ ಎತ್ತಲಿಲ್ಲ. ಊಟಕ್ಕೆ ಕೂತಾಗ ಅಮ್ಮನಿಗೆ, "ಇವನ ಬೂಟು ನೋಡ್ಬೇಕು ನೀನು. ಮ್ಯಾನೇಜರ ಬೂಟಿಗಿಂತ ಒಳ್ಳೇದುಂಟು" ಎಂದರು. ನಾನು ಅನ್ನ ಕಲಸುತ್ತ ಕೂತೆ.

ದ್ವಾದಶಿಯ ಹೊತ್ತಿಗೆ ಒಡ್ಡು ಕಡಿದು ಮುಗಿಯಿತು. ಮ್ಯಾನೇಜರು ಬೆನ್ನು ತಟ್ಟಿದರು. ತ್ರಯೋದಶಿಯಂದು ನೀರು ನನ್ನ ಗುರುತಿಗೆ ಬಂತು. ಚತುರ್ದಶಿಯಂದು ಕಡಿದ ಹೊಸ್ತಿಲನ್ನು ನೆಕ್ಕಿ ಹೋಯಿತು. ಆಗಲೂ ಸಮಯವಿತ್ತು. ಹತ್ತು ಆಳು, ಮಣ್ಣು ತುಂಬಿದ ಐವತ್ತು ಚೀಲ ಸಾಕಾಗಿತ್ತು. ನಾನು ತಪ್ಪಿದೆ ಎಂದು ಹೇಳಬೇಕಿತ್ತು, ಅಷ್ಟೆ. ಆದರೆ ಮೂರು ತಿಂಗಳು ಮುಗಿಯಲು ಇನ್ನು ಒಂಬತ್ತು ದಿನ ಉಳಿದಿತ್ತು. ಅಳಿವೆಯ ಮಗ, ನೀರಿನ ಸ್ವಭಾವ ಗೊತ್ತಿದ್ದವ, ಈ ಅಮಾವಾಸ್ಯೆಗೆ ಒಂದು ಸಲ ಕಡಲು ನನ್ನ ಮೇಲೆ ಕರುಣೆ ತೋರಿಸಲಿ ಎಂದು ಪ್ರಾರ್ಥಿಸುತ್ತ ಮಲಗಿದೆ. ಹತಾಶೆ ಮನುಷ್ಯನನ್ನು ಎಷ್ಟು ದಡ್ಡನನ್ನಾಗಿ ಮಾಡುತ್ತದೆ ಎಂಬುದಕ್ಕೆ ನನಗೆ ಬೇರೆ ಉದಾಹರಣೆ ಬೇಕಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ, ಊಟದ ಗಂಟೆ ಹೊಡೆದ ಮೇಲೆ, ನೀರು ಒಳಗೆ ಬಂತು. ಅಬ್ಬರವಿಲ್ಲ, ಸದ್ದಿಲ್ಲ. ಬಿಸಿಲಿನಲ್ಲಿ ಹೊಳೆಯುತ್ತ, ಕರೆದವರ ಮನೆಗೆ ಬರುವ ಹಾಗೆ ಬಂತು. ಚಪ್ಪರದ ಕೆಳಗೆ ಒಂದು ಗೇಣು ನಿಂತಿತು. ಕೆಳಗಿನ ಸಾಲಿನ ಹಂಚುಗಳು ಮೆತ್ತಗಾಗಿ ಕುಸಿದವು. ಅವುಗಳ ಮೇಲೆ ಮೇಲಿನ ಸಾಲುಗಳು ಬಿದ್ದವು. ಎರಡು ವಾರದ ಕೆಲಸ ಅರ್ಧ ಗಂಟೆಯಲ್ಲಿ ಕೆಸರಾಯಿತು. ಹೆಂಗಸರು ಬುಟ್ಟಿ ಹಿಡಿದುಕೊಂಡು ನೋಡುತ್ತಿದ್ದರು.

ಮ್ಯಾನೇಜರು ಪಂಚೆ ಎತ್ತಿಕೊಂಡು ನೀರಿನಲ್ಲಿ ನಿಂತಿದ್ದರು. ಅವರ ಮುಖ ಬಿಳಚಿಕೊಂಡಿತ್ತು. ಅವರಿಗೂ ಮೇಲಿನವರು ಇದ್ದರಲ್ಲ. "ಏನ್ರೀ ಇದು?" ಎಂದರು ನನಗೆ. "ನೀವು ಅಳೆದಿದ್ರಿ. ನಿಮ್ಮ ಲೆಕ್ಕ ತಪ್ಪಾ, ಅಥವಾ ಈ ದೋಣಿಯೋರು ತಮಗೆ ಅನುಕೂಲ ಆಗ್ಲಿ ಅಂತ ಇನ್ನೂ ಆಳ ಕಡ್ದಿದಾರಾ?"

ಆ ಪ್ರಶ್ನೆಯಲ್ಲಿ ಒಂದು ಬಾಗಿಲು ತೆರೆದಿತ್ತು. ಅವರಿಗೂ ಆ ಬಾಗಿಲು ಬೇಕಾಗಿತ್ತು ಎಂದು ಈಗ ಅನಿಸುತ್ತದೆ. ನಾನು ಬಾಯಿ ತೆರೆದೆ. ಏನು ಹೇಳಲು ತೆರೆದೆನೋ ದೇವರಾಣೆಗೂ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ದೋಣಿಯ ಪಕ್ಕದಿಂದ ಮಾವನ ಧ್ವನಿ ಬಂತು.

"ಹೌದು ಧನಿ. ದೋಣಿ ಹತ್ತಿರ ಬರ್ಲಿ ಅಂತ ನಾನೇ ಸ್ವಲ್ಪ ಹೆಚ್ಚು ತೆಗೆದದ್ದು. ಇವರದ್ದು ತಪ್ಪಿಲ್ಲ."

ನಾನು ಬಾಯಿ ಮುಚ್ಚಿಕೊಂಡೆ.

ಅವತ್ತು ಸಂಜೆಯವರೆಗೆ ಮಾವ ಆ ಕೆಸರು ಬಾಚಿದರು. ಕಡಿದ ಒಡ್ಡಿಗೆ ಮಣ್ಣು ತುಂಬಿದರು. ಹಾಳಾದ ಹಂಚುಗಳ ಪಟ್ಟಿ ಬರೆಯುವ ಕೆಲಸ ನನ್ನದು, ನಾನು ಬೂಟು ಒದ್ದೆಯಾಗದ ಹಾಗೆ ಒಡ್ಡಿನ ಮೇಲೆ ನಿಂತು ಬರೆದೆ. ಹೊರಡುವಾಗ ಮ್ಯಾನೇಜರು ಅವರಿಗೆ, ಇನ್ನು ಮುಂದೆ ಈ ದಡದಲ್ಲಿ ದೋಣಿ ಕಟ್ಟಬೇಡ ಎಂದರು. ಮರ್ಯಾದೆಗೆಟ್ಟವನು ಎಂದೂ ಅಂದರು. ಮಾವ ಅದಕ್ಕೂ ಕೈಮುಗಿದರು.

ಕಡವಿನ ದೋಣಿಯಲ್ಲಿ ನಾವಿಬ್ಬರೇ ಇದ್ದೆವು. ನಾಳೆ ಹೋಗಿ ನಿಜ ಹೇಳುತ್ತೇನೆ ಎಂದೆ.

"ಹೇಳಿ ಎಂತ ಮಾಡ್ತಿ?" ಎಂದರು ಮಾವ. "ತಡಿಯವರು ನಾಲ್ಕು ವರ್ಷ ಪಾಲು ತೆಗೆದಿಟ್ಟದ್ದು ನನ್ನ ಮರ್ಯಾದೆಗಲ್ಲ, ನಿನ್ನ ಕೆಲಸಕ್ಕೆ. ಸುಮ್ಮನೆ ಇರು."

ನನಗೆ ಸಮಾಧಾನವಾಯಿತು. ಅವರು ಹಾಗೆ ಹೇಳಲಿ ಎಂದೇ ನಾನು ಆ ಮಾತು ಎತ್ತಿದ್ದೆನೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮಾಡಿದ ತಪ್ಪಿಗಿಂತ ಹೆಚ್ಚಾಗಿ ಆ ಸಮಾಧಾನಕ್ಕೆ ನಾನು ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ.

ಉಳಿದ ದಿನಗಳೂ ಕಳೆದು ನಾನು ಕಾಯಂ ಆದೆ. ಆಮೇಲೆ ಬೇರೆ ಕಡೆ ದೊಡ್ಡ ಕೆಲಸಗಳೂ ಸಿಕ್ಕಿದವು, ಕಟ್ಟಿದ್ದು ನಿಂತಿದೆ. ಅದನ್ನೆಲ್ಲ ಹೇಳಲು ನಾನು ಕೂತಿಲ್ಲ. ಆ ಮಳೆಗಾಲ ಕಳೆದು ರಂಪಣಿ ಇಳಿದ ಮೇಲಿನ ಒಂದು ಭಾನುವಾರವನ್ನು ಹೇಳಿ ಮುಗಿಸುತ್ತೇನೆ.

ಅವತ್ತು ಬಲೆ ಭಾರವಾಗಿತ್ತು. ಎರಡು ಸಾಲು ಜನ ಹಿಂದಕ್ಕೆ ಬಾಗಿ ಎಳೆಯುತ್ತಿದ್ದರು. ನಾನು ಬೂಟು ಕಳಚಿಟ್ಟು ಹೋಗಿ ಮಾವನ ಹಿಂದೆ ಹಗ್ಗ ಹಿಡಿದೆ. ಈ ಸಲ ಗುರಿಕಾರರು ತಡೆಯಲಿಲ್ಲ, ನಾನು ಈಗ ಕೆಲಸ ಹಿಡಿದವನಲ್ಲವೇ? ಅಂಗೈ ಸುಲಿದುಹೋಯಿತು. ಉಪ್ಪು ನೀರು ತಾಗಿ ಉರಿಯಿತು. ಎಷ್ಟೋ ತಿಂಗಳ ಮೇಲೆ ನನ್ನ ಎದೆ ಸ್ವಲ್ಪ ಹಗುರಾಯಿತು. ಬಲೆ ಮೇಲೆ ಬಂತು, ಬಂಗುಡೆ ಮರಳಿನ ತುಂಬ ಬಿತ್ತು. ಪಾಲು ಹಾಕುವಾಗ ಗುರಿಕಾರರು ನಗುತ್ತ ನನ್ನ ಕಾಲ ಬುಡದಲ್ಲೂ ಒಂದು ಚಿಕ್ಕ ಗುಪ್ಪೆ ಹಾಕಿಸಿದರು. "ಹಗ್ಗ ಮುಟ್ಟಿದ್ದಾನೆ. ದಾರಿಹೋಕನಿಗೂ ಉಂಟು, ಇವನಿಗೆ ಇಲ್ವಾ?"

ನಾನು ಬಗ್ಗಿ ಎರಡೂ ಕೈಯಿಂದ ಮೀನು ಎತ್ತಬೇಕು ಎನ್ನುವಾಗ ಮಾವ ನನ್ನ ಮಣಿಕಟ್ಟು ಹಿಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಕೊಂಕು ಇರಲಿಲ್ಲ. ಮಗುವಿನ ಕೈ ಬೆಂಕಿಗೆ ತಾಗದ ಹಾಗೆ ಹಿಡಿಯುತ್ತೇವಲ್ಲ, ಹಾಗೆ ಹಿಡಿದರು.

"ಬೇಡ ಗುರಿಕಾರ್ರೆ" ಎಂದರು. "ಅವನಿಗೆ ನಾಳೆ ಕೆಲಸಕ್ಕೆ ಹೋಗ್ಲಿಕ್ಕುಂಟು. ಈ ವಾಸನೆ ತೊಳೀಲಿಕ್ಕೆ ಅವ ಬಹಳ ಕಷ್ಟ ಪಟ್ಟಿದ್ದಾನೆ."

ಗುರಿಕಾರರು ಹೌದಲ್ಲ ಎಂದು ತಲೆಯಾಡಿಸಿದರು. ಆ ಗುಪ್ಪೆಯನ್ನು ಎತ್ತಿ ದೇವರ ಪಾಲಿಗೆ ಸೇರಿಸಿದರು. ಓದಿನ ಪಾಲು ಆರೇಳು ತಿಂಗಳ ಹಿಂದೆಯೇ ನಿಂತಿತ್ತು. ನನ್ನ ಪಾಲು ನಿಂತದ್ದು ಆ ದಿನ.